ಅತ್ತೆಯ ದವಡೆಹಲ್ಲು

“ಇಲ್ಲೊಂದು ಸಹಿ ಹಾಕ್ಬಿಡಿ, ಮುಗೀತು” ಎಂದು ನಿರ್ದೇಶಕರು ಕಾಗದವನ್ನು ಮೇಜಿನ ಮೇಲೆ ಈಚೆಗೆ ತಳ್ಳಿದರು.

ಸಂಶೋಧನಾ ಸಂಸ್ಥೆಯಲ್ಲಿ ಲೇಸರ್ ಯಂತ್ರ ನಡೆಸುವ ಲೇಸರ್ ಅಕ್ಕ ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗಿಳಿಸಿ ಓದಿದಳು. ಸಾಲದೆಂದು ಇನ್ನೊಮ್ಮೆ ಓದಿದಳು. ‘ಯಂತ್ರ ನಡೆಸುವವರ ತಪ್ಪಿನಿಂದ ಮಾದರಿಗೆ ಅತಿಯಾದ ಶಾಖ ತಗುಲಿದ್ದು, ಈ ಕಾರಣದಿಂದ ಫಲಿತಾಂಶವನ್ನು ಪರಿಗಣಿಸಲಾಗದು.’ ಕೆಳಗೆ ಅವಳ ಹುದ್ದೆ, ಅದರ ಕೆಳಗೆ ಸಹಿಗೆಂದು ಗೆರೆ. ಎಲ್ಲ ಟೈಪು ಮಾಡಿಸಿ ತಯಾರಾಗಿಟ್ಟಿದ್ದರು ಪುಣ್ಯಾತ್ಮರು. ಪಕ್ಕದ ಕುರ್ಚಿಯಲ್ಲಿ ಅರಣ್ಯಾಧಿಕಾರಿ ಕಾಲ ಮೇಲೆ ಕಾಲು ಹಾಕಿಕೊಂಡು ಪೆನ್ನು ಹಿಡಿದು ಕೂತಿದ್ದ. ಅವಳಿಗೆ ಪೆನ್ನಿನ ಕೊರತೆಯಾಗಬಾರದಲ್ಲ!

“ಮುಗೀತು ಅಂದ್ರೆ ಯಾರ ಕಥೆ ಮುಗೀತು ಸರ್?” ಎಂದು ಅವಳು ಕೇಳಿದಳು.

ಕಥೆ ಶುರುವಾದದ್ದು ಎರಡು ತಿಂಗಳ ಹಿಂದೆ. ಊರಿನ ಅಂಚಿನಲ್ಲಿ ಹಣ್ಣು ಪ್ಯಾಕ್ ಮಾಡುವ ದೊಡ್ಡ ಶೆಡ್ಡಿದೆ. ಅಲ್ಲಿಗೆ ಹೋಗಬೇಕಾದರೆ ಕಾಡಿನ ಪಕ್ಕದ ಒಂದೂವರೆ ಮೈಲಿ ರಸ್ತೆಯನ್ನು ದಾಟಬೇಕು. ಬೆಳಗಿನ ಪಾಳಿಗೆ ನಡೆದು ಹೋಗುತ್ತಿದ್ದ ಒಬ್ಬ ಹೆಂಗಸನ್ನು ಚಿರತೆ ಹಿಡಿದು ಕೊಂದಿತು. ಜನ ರೊಚ್ಚಿಗೆದ್ದರು. ಶೆಡ್ಡಿನವರು ವ್ಯಾನು ಬಿಟ್ಟರು. ಮೂರು ವಾರವಾದ ಮೇಲೆ ಅರಣ್ಯ ಇಲಾಖೆಯವರು ಒಂದು ಚಿರತೆಯನ್ನು ಹೊಡೆದು, ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಹೆಣ ಸುಟ್ಟು, ‘ಅಪಾಯ ಕಳೆಯಿತು’ ಎಂದು ಸಾರಿದರು. ಮಾರನೆಯ ದಿನವೇ ವ್ಯಾನು ನಿಂತುಹೋಯಿತು. ಈಗ ಮತ್ತೆ ಹೆಂಗಸರೆಲ್ಲ ಅದೇ ರಸ್ತೆಯಲ್ಲಿ ನಡೆಯುತ್ತಿದ್ದರು. ಅವರಲ್ಲಿ ಲೇಸರ್ ಅಕ್ಕನ ತಮ್ಮನ ಹೆಂಡತಿಯೂ ಒಬ್ಬಳು.

ಸಾಕ್ಷ್ಯಕ್ಕೆಂದು ಇಲಾಖೆಯವರು ಸತ್ತ ಚಿರತೆಯ ಒಂದು ಕೋರೆಹಲ್ಲು ಕಿತ್ತಿಟ್ಟುಕೊಂಡಿದ್ದರು. ಆ ಹಲ್ಲು, ಸತ್ತ ಹೆಂಗಸಿನ ಕಚ್ಚಿ ಹರಿದ ಸ್ವೆಟರು, ಎರಡೂ ಈ ಸಂಶೋಧನಾ ಸಂಸ್ಥೆಗೆ ಬಂದವು. ಇಲ್ಲಿ ಮೇಲಿನ ಮಹಡಿಯಲ್ಲಿ ಕಾಡುಪ್ರಾಣಿಗಳ ವಂಶವಾಹಿ ಪರೀಕ್ಷೆ ಮಾಡುವ ಯುವ ಸಂಶೋಧಕಿ ಇದ್ದಾಳೆ. ವರ್ಷವಿಡೀ ಕಾಡಿನಲ್ಲಿ ಪ್ರಾಣಿಗಳ ಹಿಕ್ಕೆ ಆರಿಸಿ ತಂದು ಪರೀಕ್ಷಿಸುವುದರಿಂದ ಅವಳಿಗೆ ‘ಹಿಕ್ಕೆ ಡಾಕ್ಟ್ರು’ ಎಂದೇ ಹೆಸರು. ಕ್ಯಾಂಟೀನಿನಲ್ಲಿ ಅವಳ ಪಕ್ಕ ಕೂರಲು ಮೂಗು ಮುರಿಯುವವರೂ ಇದ್ದಾರೆ. ಅವಳು ಕ್ಯಾರೇ ಅನ್ನುವುದಿಲ್ಲ.

ಹಲ್ಲಿನ ಪರೀಕ್ಷೆಗೆ ಸಾಮಾನ್ಯವಾಗಿ ಡ್ರಿಲ್ ಹಾಕಿ ಪುಡಿ ತೆಗೆಯುತ್ತಾರೆ. ಆದರೆ ಇದು ಸಾಕ್ಷ್ಯ, ಒಡೆಯದೆ ಹಿಂತಿರುಗಿಸಬೇಕು. ಹಾಗಾಗಿ ಹಿಕ್ಕೆ ಡಾಕ್ಟ್ರು ಅದನ್ನು ಹಿಡಿದುಕೊಂಡು ನೆಲಮಾಳಿಗೆಯ ಲೇಸರ್ ಕೋಣೆಗೆ ಇಳಿದು ಬಂದಿದ್ದಳು. ಅಲ್ಲಿನ ಯಂತ್ರ ಎರಡು ಬಗೆಯಲ್ಲಿ ಕೊಯ್ಯುತ್ತದೆ. ದೊಡ್ಡ ಹೊಡೆತದಲ್ಲಿ ಉಕ್ಕಿನ ತಗಡೂ ಕರಗಿ ತೂತಾಗುತ್ತದೆ. ಸಣ್ಣ ಹೊಡೆತ ಎಷ್ಟು ಚಿಕ್ಕದೆಂದರೆ, ಬಿಸಿ ಪಕ್ಕಕ್ಕೆ ಹರಡುವ ಮೊದಲೇ ಕೆಲಸ ಮುಗಿದಿರುತ್ತದೆ. ಲೇಸರ್ ಅಕ್ಕ ಸಣ್ಣ ಹೊಡೆತದಲ್ಲಿ ಬೇರಿನ ತುದಿಯಿಂದ ಎರಡು ಬಿಲ್ಲೆ ಕೊಯ್ದುಕೊಟ್ಟಳು. ಒಂದು ಪರೀಕ್ಷೆಗೆ ಹೋಯಿತು, ಒಂದನ್ನು ಕಾಯ್ದಿಟ್ಟರು.

ಫಲಿತಾಂಶ ಬಂತು. ಹಲ್ಲು ಗಂಡು ಚಿರತೆಯದು. ಸ್ವೆಟರಿನ ಮೇಲಿನ ಎಂಜಲು ಹೆಣ್ಣು ಚಿರತೆಯದು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಲೇಸರ್ ಅಕ್ಕ ಒಂದು ಎಡವಟ್ಟು ಮಾಡಿಕೊಂಡಿದ್ದಳು. ಅವಳಿಗೊಂದು ಅಭ್ಯಾಸ. ಹೊಸ ಕೆಲಸ ಶುರುಮಾಡುವಾಗ ದಾಖಲೆ ಪುಸ್ತಕದಲ್ಲಿ ಹಿಂದಿನ ಕೆಲಸದ ಸಾಲನ್ನೇ ನಕಲು ಮಾಡಿ, ಕೆಲಸ ಮುಗಿದ ಮೇಲೆ ಅಂಕಿಗಳನ್ನು ತಿದ್ದುತ್ತಾಳೆ. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು. ಆ ದಿನ ತಿದ್ದುವ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಯಂತ್ರ ತಂಪಾಗಿಸುವ ನೀರಿನ ಪೈಪು ಒಡೆದು ಎಲ್ಲರೂ ಬಕೆಟ್ ಹಿಡಿದು ಓಡಿದರು. ಅವಳೂ ಓಡಿದಳು. ಪುಸ್ತಕದಲ್ಲಿ ಹಲ್ಲಿನ ಮುಂದೆ ಹಿಂದಿನ ಕೆಲಸದಲ್ಲಿ ಉಕ್ಕು ಕೊಯ್ದ ದೊಡ್ಡ ಹೊಡೆತದ ಅಂಕಿಗಳೇ ಉಳಿದುಬಿಟ್ಟವು. ಅರಣ್ಯಾಧಿಕಾರಿಗೆ ಹಿಡಿದುಕೊಳ್ಳಲು ಅಷ್ಟು ಸಾಕಾಗಿತ್ತು.

“ಪುಸ್ತಕದಲ್ಲಿ ತಪ್ಪು ಬರ್ದಿದೀನಿ ಸರ್, ಒಪ್ಕೋತೀನಿ. ಬೇಕಾದ್ರೆ ಅದಕ್ಕೆ ಸಹಿ ಹಾಕ್ತೀನಿ” ಎಂದಳು ಲೇಸರ್ ಅಕ್ಕ. “ಹಲ್ಲು ಕೊಯ್ದಿದ್ದು ಮಾತ್ರ ಸರಿಯಾಗೇ ಕೊಯ್ದಿದೀನಿ.”

“ಅದಕ್ಕೆ ಪುರಾವೆ?” ಅಧಿಕಾರಿ ಕೇಳಿದ.

“ನಾಳೆ ಹತ್ತು ಗಂಟೆಗೆ ಕೆಳಗೆ ಬನ್ನಿ. ಎರಡು ಥರಾನೂ ಕೊಯ್ದು ತೋರಿಸ್ತೀನಿ.”

“ಏನನ್ನ ಕೊಯ್ತೀರಮ್ಮಾ? ನಿಮಗೋಸ್ಕರ ಇನ್ನೊಂದು ಚಿರತೆ ಹೊಡೀಬೇಕಾ?”

“ಬೇಡ ಸರ್. ಹೊಡೆದಿದ್ದೇ ಜಾಸ್ತಿಯಾಯ್ತು” ಎಂದು ಅವಳು ಎದ್ದು ಬಂದಳು. ಹೆದರಿಕೆ ಇಲ್ಲದೆ ಇರಲಿಲ್ಲ, ಸುಳ್ಳೇಕೆ ಹೇಳಬೇಕು. ನಿವೃತ್ತಿಗೆ ಇನ್ನು ನಾಲ್ಕೇ ವರ್ಷ ಉಳಿದಿತ್ತು.

ಸಂಜೆ ಮನೆಗೆ ಬಂದಾಗ ಅವಳ ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಕೂತು ಗುಂಡಿ ಹೊಲಿಯುತ್ತಿದ್ದರು. ಎಂಬತ್ತೊಂದರ ಮುದುಕಿ, ಬಾಯಿ ಮಾತ್ರ ಇಪ್ಪತ್ತೊಂದರದ್ದು. ತಮ್ಮನ ಹೆಂಡತಿಯೂ ಬಂದಿದ್ದಳು. ಹಿಂದಿನ ಬೀದಿಯಲ್ಲೇ ಅವಳ ಮನೆ. ಲೇಸರ್ ಅಕ್ಕ ಚೀಲ ಕೆಳಗಿಡುವ ಮೊದಲೇ ಅವಳನ್ನು ತರಾಟೆಗೆ ತೆಗೆದುಕೊಂಡಳು.

“ನಾಳೆ ಆ ರಸ್ತೇಲಿ ಕಾಲಿಡಬೇಡ ಅಂತ ಎಷ್ಟು ಸಲ ಹೇಳ್ಬೇಕೇ ನಿಂಗೆ?”

“ಹೋಗ್ದೆ ಏನ್ಮಾಡ್ಲಿ ಅಕ್ಕ? ವ್ಯಾನು ಕೇಳಿದ್ರೆ ‘ಚಿರತೆ ಸತ್ತಾಯ್ತಲ್ಲ, ಇನ್ನೇನು, ಅದರ ದೆವ್ವಕ್ಕೆ ಹೆದರ್ತೀರಾ’ ಅಂತಾನೆ ಆ ಸೂಪರ್‌ವೈಸರು. ನಾನೊಬ್ಳು ಮನೇಲಿ ನಿಂತ್ಕೊಂಡ್ರೆ ನನ್ನ ಜಾಗಕ್ಕೆ ಇನ್ನೊಬ್ಳು ಬರ್ತಾಳೆ.”

“ಎಲ್ಲಾರೂ ನಿಂತ್ಕೊಳ್ಳಿ.”

“ಏನಂತ ಹೇಳಿ ನಿಲ್ಸೋದು? ನಮ್ಮತ್ತಿಗೆ ನೆಲಮಾಳಿಗೇಲಿ ಕೂತ್ಕೊಂಡು ಹೀಗಂದ್ಲು ಅಂತಾನಾ?”

ಲೇಸರ್ ಅಕ್ಕ ಚೀಲ ಕೆಳಗಿಟ್ಟಳು. ಅವಳು ಬೆಳಗಿನದನ್ನೆಲ್ಲ ಹೇಳಿ, “ಹಲ್ಲಿನ ಡಾಕ್ಟರ ಹತ್ರ ಹೋಗಿ ಒಂದು ಕಿತ್ತ ಹಲ್ಲು ಬೇಡ್ಕೊಂಡು ಬರ್ಬೇಕು” ಎಂದು ಮತ್ತೆ ಚಪ್ಪಲಿ ಮೆಟ್ಟಿದಳು.

“ಬೇರೆಯೋರ ಬಾಯಿಂದು ಯಾಕೆ ತರ್ತೀಯೇ? ನಾನೇನು ಸತ್ತಿದೀನಾ?” ಎಂದರು ಅತ್ತೆ. ಗುಂಡಿ ಡಬ್ಬಿಯನ್ನು ಕೆದಕಿ ಕಾಗದದ ಪೊಟ್ಟಣವೊಂದನ್ನು ತೆಗೆದರು. ಒಳಗೆ ಹೋದ ತಿಂಗಳು ಕೀಳಿಸಿಕೊಂಡ ದವಡೆಹಲ್ಲು. “ಆ ಡಾಕ್ಟ್ರು ಬುಟ್ಟಿಗೆ ಹಾಕಕ್ಕೆ ಹೋದ. ‘ಎಪ್ಪತ್ತು ವರ್ಷ ನಾನು ಸಾಕಿದ ಹಲ್ಲು, ಇಲ್ಲಿ ಕೊಡಪ್ಪಾ’ ಅಂತ ಇಸ್ಕೊಂಡ್ ಬಂದೆ. ತಗೋ.”

“ಅತ್ತೆ, ಇದು ಸುಟ್ಟು ಹೋಗುತ್ತೆ.”

“ನನ್ನನ್ನೇ ಒಂದಿನ ಸುಡ್ತೀರಂತೆ, ಹಲ್ಲಿಗೇನು ಮರ್ಯಾದೆ. ಆದ್ರೆ ಒಂದು ಮಾತು. ಆ ಆಫೀಸರ ಮುಖ ಹೆಂಗಾಯ್ತು ಅಂತ ಬಂದು ಹೇಳ್ಬೇಕು.”

ಮರುದಿನ ಹತ್ತಕ್ಕೆ ನೆಲಮಾಳಿಗೆಯಲ್ಲಿ ನಾಲ್ವರು ಕಪ್ಪು ಕನ್ನಡಕ ಹಾಕಿಕೊಂಡು ನಿಂತರು: ನಿರ್ದೇಶಕರು, ಅರಣ್ಯಾಧಿಕಾರಿ, ಹಿಕ್ಕೆ ಡಾಕ್ಟ್ರು, ಲೇಸರ್ ಅಕ್ಕ. ಅತ್ತೆಯ ಹಲ್ಲನ್ನು ಅವಳು ಹಿಡಿಕೆಗೆ ಸಿಕ್ಕಿಸಿದಳು. ಮೊದಲು ಪುಸ್ತಕದಲ್ಲಿ ಬರೆದಿದ್ದ ಉಕ್ಕಿನ ಅಂಕಿಗಳನ್ನೇ ಒತ್ತಿ, ಅಧಿಕಾರಿಗೂ ತೋರಿಸಿ, ಗುಂಡಿ ಅದುಮಿದಳು. ಚಟಚಟ ಸದ್ದಾಯಿತು. ಕೂದಲು ಸುಟ್ಟ ವಾಸನೆ ಕೋಣೆಯಲ್ಲೆಲ್ಲ ಹಬ್ಬಿ ನಿರ್ದೇಶಕರು ಕರವಸ್ತ್ರ ತೆಗೆದರು. ಹೊರಬಂದ ಬಿಲ್ಲೆಯ ಅಂಚು ಇದ್ದಿಲಿನಷ್ಟು ಕಪ್ಪಾಗಿತ್ತು, ನಡುವೆ ಸೀಳು ಬಿಟ್ಟಿತ್ತು.

ಆಮೇಲೆ ಸಣ್ಣ ಹೊಡೆತ. ಇದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಸದ್ದಿಲ್ಲ, ವಾಸನೆಯಿಲ್ಲ, ಬರೀ ಒಂದು ಸಣ್ಣ ನೀಲಿ ಚುಕ್ಕಿ ಹೋಗಿ ಬಂದು ಮಾಡುತ್ತಿತ್ತು. ಅಧಿಕಾರಿ ಎರಡು ಸಲ ಆಕಳಿಸಿದ. ಕೊನೆಗೆ ಕಳಚಿಕೊಂಡ ಬಿಲ್ಲೆ ಅಂಚಿನವರೆಗೂ ಬೆಳ್ಳಗಿತ್ತು. ಹಿಕ್ಕೆ ಡಾಕ್ಟ್ರು ಕಾಯ್ದಿಟ್ಟಿದ್ದ ಚಿರತೆಯ ಬಿಲ್ಲೆಯನ್ನು ತಂದು ಎರಡರ ನಡುವೆ ಇಟ್ಟಳು. ಅದೂ ಬೆಳ್ಳಗಿತ್ತು.

ಭೂತಗನ್ನಡಿ ಹಿಡಿದು ಅಧಿಕಾರಿ ಬಹಳ ಹೊತ್ತು ನೋಡಿದ. “ಸ್ವಲ್ಪ ಬಿಸಿಯಾದ್ರೂ ತಾಗಿರಬಹುದಲ್ಲ” ಎಂದ.

“ತಾಗಿದ್ರೂ ಗುರುತು ಅಳಿಸಿ ಹೋಗುತ್ತೆ ಸರ್, ಹೊಸದಾಗಿ ಹುಟ್ಟಲ್ಲ” ಎಂದಳು ಹಿಕ್ಕೆ ಡಾಕ್ಟ್ರು. “ಈ ಹಲ್ಲಲ್ಲಿ ಗಂಡಿನ ಗುರುತು ಸಿಕ್ಕಿದೆ.”

“ನಾನು ಎಷ್ಟೇ ಕಾಯಿಸಿದ್ರೂ ಹೆಣ್ಣು ಗಂಡಾಗಲ್ಲ ಸರ್” ಎಂದು ಲೇಸರ್ ಅಕ್ಕ ಸೇರಿಸಿದಳು. “ಹಾಗೇನಾದ್ರೂ ಆಗೋದಾಗಿದ್ರೆ ಈ ಕೋಣೆ ಮುಂದೆ ದೊಡ್ಡ ಕ್ಯೂ ಇರ್ತಿತ್ತು.”

ನಿರ್ದೇಶಕರಿಗೆ ನಗು ಬಂತು. ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಅಧಿಕಾರಿ ನಗಲಿಲ್ಲ. “ಆಯ್ತು. ನೋಡಿದ್ದನ್ನ ನೋಡಿಲ್ಲ ಅನ್ನಲ್ಲ. ಸಹಿ ಬೇಡ. ವರದಿ ಮೇಲಕ್ಕೆ ಕಳಿಸ್ತೀನಿ, ಅವರು ಇನ್ನೊಂದು ಸಮಿತಿ ಮಾಡ್ತಾರೆ. ಒಂದು ತಿಂಗಳು, ಹೆಚ್ಚಂದ್ರೆ ಎರಡು. ಅಲ್ಲೀವರೆಗೆ ಯಾರೂ ಬಾಯಿ ಬಿಡೋ ಹಾಗಿಲ್ಲ. ಜನ ಗಾಬರಿಯಾಗ್ತಾರೆ.”

“ಆಗ್ಲಿ ಬಿಡಿ ಸರ್. ಗಾಬರಿಯಾದೋರು ಮನೆಗಾದ್ರೂ ವಾಪಸ್ ಬರ್ತಾರೆ” ಎಂದಳು ಲೇಸರ್ ಅಕ್ಕ.

“ಅಮ್ಮಾ, ಬಾಯಿ ಬಿಟ್ರೆ ಕೆಲಸ ಹೋಗುತ್ತೆ. ನಾನು ಹೆದರಿಸ್ತಿಲ್ಲ, ನಿಯಮ ಹೇಳ್ತಿದೀನಿ.”

ಅವಳು ನಿರ್ದೇಶಕರ ಕಡೆ ನೋಡಿದಳು. ಅವರು ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸುತ್ತಿದ್ದರು. ಅವರು ಕೆಟ್ಟವರಲ್ಲ. ಆದರೆ ಕೆಟ್ಟವರಲ್ಲದವರನ್ನು ಕಟ್ಟಿಕೊಂಡು ಏನು ಮಾಡುವುದು? ಎಂಥ ಸಿಟ್ಟು ಬಂತೆಂದರೆ ಅವಳಿಗೆ ಕಿವಿ ಬಿಸಿಯಾಯಿತು. ಇಬ್ಬರೂ ಮೆಟ್ಟಿಲು ಹತ್ತಿ ಹೋದ ಮೇಲೆ ಹಿಕ್ಕೆ ಡಾಕ್ಟ್ರು ಸ್ಟೂಲಿನ ಮೇಲೆ ಕುಸಿದು ಕೂತು, “ಗೆದ್ವಾ ಸೋತ್ವಾ ಅಕ್ಕ?” ಎಂದು ಕೇಳಿದಳು.

“ನಿಂಗೆ ಊಟದ ಹೊತ್ತಲ್ಲಿ ಕೆಲಸ ಇದೆಯಾ?”

“ಇಲ್ಲ, ಯಾಕೆ?”

“ಬಾಗಿಲು ಹಾಕು.”

ಗೋಡೆಗೊರಗಿಸಿದ್ದ ರದ್ದಿ ತಗಡುಗಳಲ್ಲಿ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಅಗಲದ ಉಕ್ಕಿನದೊಂದನ್ನು ಆರಿಸಿ, ಲೇಸರ್ ಅಕ್ಕ ಅದನ್ನು ಪಕ್ಕದಲ್ಲಿದ್ದ ತಗಡು ಕೊಯ್ಯುವ ದೊಡ್ಡ ಯಂತ್ರದ ಮೇಲೆ ಮಲಗಿಸಿದಳು. ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸಿದಳು. ಗುಂಡಗಿನ ಅಕ್ಷರಗಳನ್ನು ಆರಪಾರ ಕೊಯ್ದರೆ ಹೊಟ್ಟೆಯೇ ಕಳಚಿ ಬೀಳುತ್ತದೆ, ಆಮೇಲೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಅದಕ್ಕೆ ಪ್ರತಿಯೊಂದರಲ್ಲೂ ಒಂದೆರಡು ಕಡೆ ಸಣ್ಣ ಎಳೆ ಕೊಯ್ಯದೆ ಬಿಡಬೇಕು. ಹಿಕ್ಕೆ ಡಾಕ್ಟ್ರು ಅವಳ ಹೆಗಲ ಮೇಲಿಂದ ಬಗ್ಗಿ ಓದಿದಳು.

‘ಕೊಂದ ಚಿರತೆ ಹೆಣ್ಣು. ಸತ್ತ ಚಿರತೆ ಗಂಡು. ಹೆಣ್ಣು ಇನ್ನೂ ಸಿಕ್ಕಿಲ್ಲ. ನಡೆದು ಹೋಗಬೇಡಿ.’

“ಬಣ್ಣದಲ್ಲಿ ಬರೆದ್ರೆ ಬೇಗ ಆಗ್ತಿತ್ತಲ್ಲ ಅಕ್ಕ?”

“ಬಣ್ಣದ ಮೇಲೆ ಬಣ್ಣ ಬಳೀತಾರೆ. ತೂತಿಗೆ ಏನು ಬಳೀತಾರೆ ನೋಡೋಣ.”

“ಕೆಲಸ ಹೋದ್ರೆ?”

“ಹೋದ್ರೆ ಹೋಗ್ಲಿ. ಇನ್ನೊಂದು ಸ್ವೆಟರ್ ಬರಬಾರದು ಇಲ್ಲಿಗೆ.” ಅವಳು ಮತ್ತೆ ಒಂದು ಸಾಲು ಸೇರಿಸಿದಳು: ‘ಲೇಸರ್ ವಿಭಾಗ, ವಂಶವಾಹಿ ವಿಭಾಗ.’ “ನಿಂದು ತೆಗೀಲಾ?” ಎಂದು ಕೇಳಿದಳು.

ಹಿಕ್ಕೆ ಡಾಕ್ಟ್ರಿಗೆ ಇನ್ನೂ ಕಾಯಂ ನೌಕರಿಯಾಗಿರಲಿಲ್ಲ. “ಇರ್ಲಿ” ಎಂದಳು. ಯಂತ್ರ ಶುರುವಾಯಿತು.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಕಾಡಿನ ರಸ್ತೆ ತಿರುಗುವಲ್ಲಿನ ಕಬ್ಬಿಣದ ಕಂಬಕ್ಕೆ ತಗಡನ್ನು ಬೋಲ್ಟು ಹಾಕಿ ಬಿಗಿದರು. ಆರಕ್ಕೆ ಹೆಂಗಸರು ಬರತೊಡಗಿದರು. ಮುಂದೆ ಬಂದವಳು ತಮ್ಮನ ಹೆಂಡತಿಯೇ. ಅವಳು ಗಟ್ಟಿಯಾಗಿ ಓದಿದಳು. ಹಿಂದಿನವರಿಗೆ ಕೇಳಿಸಲಿಲ್ಲವೆಂದು ಮತ್ತೆ ಓದಿದಳು. ಒಬ್ಬಳು “ಅಯ್ಯೋ ದೇವರೇ” ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. ನಿನ್ನೆ ಬೆಳಿಗ್ಗೆ ಅವಳು ಒಬ್ಬಳೇ ನಡೆದು ಹೋಗಿದ್ದಳು. ಇನ್ನೊಬ್ಬಳು ಶೆಡ್ಡಿನವರ ವಂಶವನ್ನೆಲ್ಲ ಬಯ್ದಳು. ಯಾರೂ ಮುಂದೆ ಹೋಗಲಿಲ್ಲ. ಇಪ್ಪತ್ತೇಳು ಜನ ಮೋರಿಯ ಕಟ್ಟೆಯ ಮೇಲೆ, ರಸ್ತೆಯಂಚಿನ ಕಲ್ಲುಗಳ ಮೇಲೆ ಬುತ್ತಿ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಸೂಪರ್‌ವೈಸರನ ಫೋನು ಬಂತು. “ಸೈರನ್ ಆಗಿ ಕಾಲು ಗಂಟೆಯಾಯ್ತು, ಎಲ್ಲಿ ಸತ್ರಿ ಎಲ್ಲಾ?”

“ಇನ್ನೂ ಸತ್ತಿಲ್ಲ ಸರ್, ಅದಕ್ಕೇ ಕೂತಿದೀವಿ” ಎಂದಳು ತಮ್ಮನ ಹೆಂಡತಿ. “ವ್ಯಾನು ಕಳಿಸಿ.”

ಏಳೂವರೆಯಾದರೂ ವ್ಯಾನು ಬರಲಿಲ್ಲ, ತಗಡಿನ ಸುದ್ದಿ ಮಾತ್ರ ಇಲಾಖೆಗೆ ಮುಟ್ಟಿತ್ತು. ಅರಣ್ಯ ಇಲಾಖೆಯ ಕಾವಲುಗಾರ ಸೈಕಲ್ಲಿನಲ್ಲಿ ಬಂದ. ಹ್ಯಾಂಡಲಿಗೆ ಕಪ್ಪು ಬಣ್ಣದ ಡಬ್ಬಿ ತೂಗುತ್ತಿತ್ತು. “ಅಳಿಸ್ಬೇಕಂತೆ, ಸಾಹೇಬ್ರ ಆರ್ಡರು. ನನ್ನ ಬಯ್ಬೇಡಿ” ಎಂದು ಯಾರ ಮುಖವನ್ನೂ ನೋಡದೆ ಬ್ರಶ್ ಅದ್ದಿದ. ಯಾರೂ ತಡೆಯಲಿಲ್ಲ. ಲೇಸರ್ ಅಕ್ಕ ಕೈಕಟ್ಟಿ ನಿಂತು ನೋಡಿದಳು. ಅವನು ಮೇಲಿನಿಂದ ಕೆಳಗಿನವರೆಗೆ ಒಂದು ಸಲ ಬಳಿದ, ಇನ್ನೊಂದು ಸಲ ಬಳಿದ, ಹಿಂದೆ ಹೋಗಿ ಅಲ್ಲೂ ಬಳಿದು ಬಂದ. ತಗಡೆಲ್ಲ ಕಪ್ಪಾಯಿತು. ಅಕ್ಷರಗಳೊಳಗಿಂದ ಕಾಡಿನ ಹಸಿರು ಮೊದಲಿಗಿಂತ ಚೆನ್ನಾಗಿ ಕಂಡಿತು.

ಕಾವಲುಗಾರ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ತುಟಿ ಆಡಿಸುತ್ತ ಮೊದಲಿನಿಂದ ಕೊನೆಯವರೆಗೆ ಓದಿದ. ಆಮೇಲೆ ರಸ್ತೆಯ ಆ ಕಡೆ, ತಾನು ಸೈಕಲ್ಲಿನಲ್ಲಿ ಒಬ್ಬನೇ ಹಿಂತಿರುಗಬೇಕಾದ ತಿರುವಿನ ಕಡೆ ನೋಡಿದ. ಡಬ್ಬಿಯ ಮುಚ್ಚಳ ಒತ್ತಿದ. ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ಒಬ್ಬರನ್ನೊಬ್ಬರು ಒತ್ತಿಕೊಂಡು ಸರಿದು ಅವನಿಗೊಂದಿಷ್ಟು ಜಾಗ ಮಾಡಿಕೊಟ್ಟರು.