ಸಿಂದಗಿಯೋ ಮುದ್ದೇಬಿಹಾಳವೋ

ಇಂಡಿ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಶಮ್ಶುನ್ನೀಸಾಳ ವರ್ಗಾವಣೆಯ ಸರದಿ ಬಂದಾಗ ಅವಳ ಹುದ್ದೆಗೆ ಖಾಲಿ ಉಳಿದದ್ದು ಎರಡೇ ಊರು. ಒಂದು ಸಿಂದಗಿ, ಇನ್ನೊಂದು ಮುದ್ದೇಬಿಹಾಳ. ಸೋಮವಾರ ವಿಜಯಪುರದಲ್ಲಿ ಕೌನ್ಸೆಲಿಂಗ್. ಹೆಸರು ಕರೆದಾಗ ಎದ್ದು ನಿಂತು ಯಾವುದಾದರೊಂದು ಊರಿನ ಹೆಸರು ಹೇಳಬೇಕು.

ಅವಳು ಹುಟ್ಟಿದ್ದು, ಸಾಲಿ ಕಲಿತದ್ದು, ಮದುವೆಯಾದದ್ದು ಎಲ್ಲಾ ಇಂಡಿಯಲ್ಲೇ. ಗಂಡ ಯುನೂಸನಿಗೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಣ್ಣ ಅಂಗಡಿ ಇತ್ತು. ಟೆಂಪೋ, ಜೀಪುಗಳ ಸೀಟು ಹೊಲಿಯುವುದು, ಟ್ರ್ಯಾಕ್ಟರಿಗೆ ಬಿಸಿಲು ತಡೆಯುವ ಹುಡ್ ಹಾಕುವುದು ಅವನ ಕೆಲಸ. "ಹೊಲಿಗಿ ಮಶೀನ್ ಎಲ್ಲಿ ಇಟ್ರೂ ತಿರಗತದ" ಎಂದು ಆಗಾಗ ಹೇಳುತ್ತಿದ್ದ. ಆದರೆ ಅದನ್ನು ಎತ್ತಿ ಬೇರೆಲ್ಲೋ ಇಡುವ ಪ್ರಸಂಗ ಈವರೆಗೆ ಬಂದಿರಲಿಲ್ಲ.

ಸುದ್ದಿ ತಿಳಿದ ಕೂಡಲೇ ಓಣಿಯವರೆಲ್ಲ ಬುದ್ಧಿ ಹೇಳಿದರು. ಸಿಂದಗಿ ಹತ್ತಿರ ಎಂದು ಕೆಲವರು, ಮುದ್ದೇಬಿಹಾಳದ ಬಜಾರ ದೊಡ್ಡದು ಎಂದು ಕೆಲವರು. ಯುನೂಸ ಎಲ್ಲವನ್ನೂ ಕೇಳಿಸಿಕೊಂಡು ಮನೆಗೆ ಬಂದು ಹೆಂಡತಿಗೆ ಹೇಳಿದ: "ಹೇಳಾಕತ್ತವ್ರಾಗ ಒಬ್ಬರೂ ಅಲ್ಲಿ ಒಂದ್ ರಾತ್ರಿ ಮಲಗಿದವ್ರಲ್ಲ. ನಾವ ಹೋಗಿ ನೋಡ್ಕೊಂಡು ಬರೂಣು."

ಗೆಳೆಯ ಸಂಗಣ್ಣನ ಓಮ್ನಿ ವ್ಯಾನು ಕೇಳಿ ತಂದದ್ದಾಯಿತು. ಹಾಲು ಕುಡಿಯುವ ಕೂಸನ್ನು ಯುನೂಸನ ತಾಯಿ ಮುಮ್ತಾಜ ನೋಡಿಕೊಳ್ಳುವುದೆಂದೂ ಆರು ವರ್ಷದ ಮಗಳು ಕೌಸರಳನ್ನು ಕರೆದೊಯ್ಯುವುದೆಂದೂ ಆಯಿತು. ಶನಿವಾರ ಬೆಳಿಗ್ಗೆ ಹೊರಡುವಾಗ ಮುಮ್ತಾಜ ಎರಡು ಖಾಲಿ ಬಾಟಲಿ ತಂದು ಸೊಸೆಯ ಕೈಗಿಟ್ಟಳು.

"ಎರಡೂ ಊರಿನ ನೀರು ತುಂಬ್ಕೊಂಡು ಬರ್ರಿ. ತೊಗರಿ ಬ್ಯಾಳಿ ಹೆಂಗ ಬೇಯತದ ನೋಡ್ತೇನಿ. ಬ್ಯಾಳಿ ಬೇಯಲಾರದ ಊರಾಗ ನಾ ಇರಾಂಗಿಲ್ಲ."

ಸಿಂದಗಿ ಶಮ್ಶುನ್ನೀಸಾಳಿಗೆ ಮೊದಲ ನೋಟಕ್ಕೇ ಹಿಡಿಸಿತು. ಆಸ್ಪತ್ರೆಯಲ್ಲಿ ಗದ್ದಲವಿರಲಿಲ್ಲ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ಒಂದು ಮನೆ ಬಾಡಿಗೆಗಿತ್ತು. ಕೆಳಗೆ ಎರಡು ಕೋಣೆ, ಮುಂದೆ ಬೇವಿನ ಗಿಡ. ಮಾಲಕಿ ಮೇಲಿನ ಅಂತಸ್ತಿನಿಂದ ಇಳಿದು ಬಂದು ಬೀಗ ತೆಗೆದಳು. ಹೆಸರು ಕೇಳಿದಳು, ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿದಳು:

"ನೋಡವ್ವಾ, ನಿಮ್ಮ ಒಲಿ ಮ್ಯಾಲ ನೀವೇನ್ ಮಾಡ್ತೀರಿ ನಾ ಕೇಳೂದಿಲ್ಲ. ವಾಸನಿ ಮ್ಯಾಲ ಬಂದ್ರ ಮಾತ್ರ ನಂಗ ಊಟ ಹೋಗೂದಿಲ್ಲ."

"ಶುಕ್ರವಾರ ವಾಸನಿ ಬರಬೌದ್ರಿ" ಎಂದಳು ಶಮ್ಶುನ್ನೀಸಾ. ಸುಳ್ಳು ಹೇಳಿ ಮನೆ ಹಿಡಿಯುವುದು ಅವಳಿಗೆ ಬೇಕಿರಲಿಲ್ಲ.

ಮಾಲಕಿ ಯೋಚಿಸಿದಳು. "ಶುಕ್ರವಾರ ನಾ ಮಗಳ ಮನಿಗಿ ಹೋಗ್ತೇನಿ. ನಡೀತದ ಬಿಡು."

ಇಬ್ಬರಿಗೂ ನಗು ಬಂತು. ಕೌಸರ ಆಗಲೇ ಬೇವಿನ ಗಿಡದ ಕೆಳಗಿನ ಕಟ್ಟೆ ಹತ್ತಿ ಕೂತಿದ್ದಳು. ಶಮ್ಶುನ್ನೀಸಾ ನಲ್ಲಿಯಿಂದ ಒಂದು ಬಾಟಲಿ ತುಂಬಿಕೊಂಡಳು.

ಅತ್ತ ಅಂಗಡಿ ಜಾಗ ನೋಡಲು ಹೋಗಿದ್ದ ಯುನೂಸ ಮಾತ್ರ ಬಜಾರಿನಿಂದ ಸಪ್ಪಗೆ ಬಂದ. ಸಿಂದಗಿಯಲ್ಲಿ ಸೀಟು ಹೊಲಿಯುವ ಹಳೆಯ ಅಂಗಡಿಯೊಂದಿತ್ತು; ಅಮೀನುದ್ದೀನ ಎಂಬ ಹಿರಿಯನದು. ಯುನೂಸ ನೇರವಾಗಿ ಅಲ್ಲಿಗೇ ಹೋಗಿ, ತಾನೂ ಇದೇ ಕಸಬಿನವನು, ಈ ಊರಿಗೆ ಬರುವ ವಿಚಾರವಿದೆ ಎಂದು ತಿಳಿಸಿದ್ದ. ಅಮೀನುದ್ದೀನ ಅವನನ್ನು ಕೂರಿಸಿ, ಚಹಾ ತರಿಸಿ, ಅವನು ಕುಡಿದು ಮುಗಿಸುವವರೆಗೆ ಕಾದು ಆಮೇಲೆ ಮಾತಾಡಿದ್ದ.

"ಬರಬ್ಯಾಡ ಅನ್ನಾಕ ನಾ ಯಾರು ತಮ್ಮಾ? ಊರು ಎಲ್ಲಾರ್ದು. ಆದ್ರ ನನ್ನ ಇಬ್ಬರು ಮಕ್ಳೂ ಇದರಾಗ ಅದಾರ. ಇರೂ ಕೆಲಸ ನಮಗ ಸಾಲವಲ್ದು. ನಾಳೆ ನೀ ನನ್ನ ಬಯ್ಕೋಬಾರ್ದು ಅಂತ ಇವತ್ತ ಹೇಳಾಕತ್ತೇನಿ."

ಬೈದು ಕಳಿಸಿದ್ದರೆ ಯುನೂಸನಿಗೆ ಹಟ ಬರುತ್ತಿತ್ತೇನೋ. ಇಷ್ಟು ಮರ್ಯಾದೆಯಿಂದ ಹೇಳಿದವನ ಎದುರಿಗೆ ಅಂಗಡಿ ತೆರೆಯುವುದು ಹೇಗೆಂದು ಅವನಿಗೆ ಹೊಳೆಯಲಿಲ್ಲ.

ವ್ಯಾನು ದೇವರ ಹಿಪ್ಪರಗಿ ದಾಟಿತು. ರಸ್ತೆಯ ಎರಡೂ ಕಡೆ ತೊಗರಿ ಕೊಯ್ದ ಕರಿ ಹೊಲಗಳು. ಕೌಸರ ಕಿಟಕಿಗೆ ಮೂಗು ಹಚ್ಚಿ, ಮುಂದಿನ ಊರಲ್ಲೂ ಕನ್ನಡ ಮಾತಾಡುತ್ತಾರೋ, ಅಲ್ಲಿಯ ಸಾಲಿಗೂ ಗಂಟೆ ಇದೆಯೋ, ಇದ್ದರೆ ಬಾರಿಸುವವರು ಯಾರು ಎಂದು ಕೇಳುತ್ತಲೇ ಇದ್ದಳು. ಬಸವನ ಬಾಗೇವಾಡಿಯನ್ನು ಹಾದು ಮುದ್ದೇಬಿಹಾಳ ಮುಟ್ಟಿದಾಗ ಮಧ್ಯಾಹ್ನವಾಗಿತ್ತು.

ಯುನೂಸ ಮಗಳನ್ನು ಕರೆದುಕೊಂಡು ಬಜಾರಿನ ಕಡೆ ಹೋದ. ಶಮ್ಶುನ್ನೀಸಾ ಆಸ್ಪತ್ರೆಗೆ ಹೋಗಿ ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತಳು. ಹಿರಿಯ ನರ್ಸ್ ಒಬ್ಬಳು ಕೈ ತೊಳೆಯುತ್ತಿದ್ದಳು. ಹೆಸರು ವಿದ್ಯಾವತಿ. ಇವಳು ಬಂದ ಕಾರಣ ಕೇಳಿ, "ಹೊರಗ ನಿಂತು ನೋಡಿದ್ರ ಏನ್ ತಿಳೀತದ? ಕೈ ತೊಳ್ಕೊಂಡು ಒಳಗ ಬಾ" ಎಂದಳು.

ಒಳಗೆ ಒಂದು ಹೆರಿಗೆ ಆಗುವುದರಲ್ಲಿತ್ತು. ಶಮ್ಶುನ್ನೀಸಾ ಗೋಡೆಗೆ ಒತ್ತಿ ನಿಂತಳು. ಮಗು ಹುಟ್ಟಿತು, ಆದರೆ ಅಳಲಿಲ್ಲ. ಮೈ ಮೆತ್ತಗೆ ಜೋತುಬಿದ್ದಿತ್ತು. ಇಂಡಿಯಲ್ಲಿ ಇಂಥ ಗಳಿಗೆ ಬಂದಾಗಲೆಲ್ಲ ಡಾಕ್ಟರನ್ನು ಕರೆಯಲು ಓಡುವುದೇ ಅವಳ ಪಾಲಿಗೆ ಬರುತ್ತಿತ್ತು. ಆಮೇಲೆ ಏನು ನಡೆಯುತ್ತಿತ್ತೆಂಬುದನ್ನು ಪೂರ್ತಿ ನೋಡಿದ್ದೇ ಇಲ್ಲ. ಇಲ್ಲಿ ವಿದ್ಯಾವತಿ ಡಾಕ್ಟರಿಗೆ ಹೇಳಿಕಳಿಸಿದವಳೇ ಮಗುವನ್ನು ಒಣಬಟ್ಟೆಯಿಂದ ಒರೆಸಿದಳು, ಬೆನ್ನು ತಿಕ್ಕಿದಳು, ಕುತ್ತಿಗೆ ಸರಿಮಾಡಿ ಮಲಗಿಸಿ, ಮೂಗು ಬಾಯಿಗೆ ಸಣ್ಣ ಮಾಸ್ಕ್ ಇಟ್ಟು ಗಾಳಿಚೀಲ ಒತ್ತತೊಡಗಿದಳು. ಕೈಯಲ್ಲಿ ಅವಸರವಿರಲಿಲ್ಲ. ಬಾಯಲ್ಲಿ ಮಾತು ನಡೆದೇ ಇತ್ತು.

"ಬಾರವ್ವಾ, ಬಾ. ಎಲ್ಲಾರೂ ನಿನ್ನ ಹಾದಿ ಕಾಯಾಕತ್ತೇವಿ. ಹಿಂಗ ಸುಮ್ಮನ ಮಲಗಿದ್ರ ಹೆಂಗ?"

ಡಾಕ್ಟರು ಬಾಗಿಲಿಗೆ ಬರುವುದಕ್ಕೂ ಮಗು ಒಮ್ಮೆ ಬಿಕ್ಕಿದಂತೆ ಮಾಡಿ ಕಿರುಚುವುದಕ್ಕೂ ಸರಿಹೋಯಿತು. ಹಾಸಿಗೆಯ ಮೇಲಿದ್ದ ತಾಯಿ, ಮಗುವಿಗಿಂತ ಜೋರಾಗಿ ಅತ್ತಳು.

ಹೊರಗೆ ಬಂದ ಮೇಲೆ ಶಮ್ಶುನ್ನೀಸಾ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದಳು. ಚೀಲ ಎಷ್ಟು ಒತ್ತಬೇಕು? ಸಾಕೆಂದು ಹೇಗೆ ತಿಳಿಯುತ್ತದೆ? ಕೈ ನಡುಗುವುದಿಲ್ಲವೇ?

"ನಡಗ್ತಿತ್ತು, ಮೊದಮೊದಲ" ಎಂದಳು ವಿದ್ಯಾವತಿ. "ಎದಿ ಏಳೂದು ನೋಡ್ಕೋತ ಒತ್ತಬೇಕು. ಬಾಯಿಲೆ ಹೇಳಿದ್ರ ಬರೂ ವಿದ್ಯಾ ಅಲ್ಲ ಇದು, ಬಾಜೂ ನಿಂತು ಮಾಡಬೇಕು. ನೀ ಇಲ್ಲಿಗಿ ಬಂದ್ರ ಕಲಿಸ್ತೇನಿ. ಆದ್ರ ಕುಂತು ಚಹಾ ಕುಡಿಯಾಕ ಪುರಸೊತ್ತು ಸಿಗೂದಿಲ್ಲ, ಈಗ ಹೇಳಿರ್ತೇನಿ."

ಶಮ್ಶುನ್ನೀಸಾ ಹಿಗ್ಗಿನಿಂದಲೇ ಹೊರಬಿದ್ದಳು. ಆದರೆ ಗೇಟಿನ ಹೊರಗೆ ನಿಂತಿದ್ದ ವ್ಯಾನು ಕಂಡಾಗ ಹಿಗ್ಗು ಇಳಿಯಿತು. ಇಲ್ಲಿಯ ನಲ್ಲಿಯಿಂದ ಬಾಟಲಿ ತುಂಬುವಾಗಲೇ ನಾಲಿಗೆಗೆ ಹಚ್ಚಿ ನೋಡಿದ್ದಳು, ನೀರು ಸವಳು. ಮನೆ ಇನ್ನೂ ಹುಡುಕಬೇಕು. ತಾನೊಬ್ಬಳು ಏನೋ ಕಲಿಯಬೇಕೆಂಬ ಆಸೆಗೆ ಅತ್ತೆ, ಗಂಡ, ಮಕ್ಕಳನ್ನೆಲ್ಲ ಎಳೆದು ತರುವುದು ಸರಿಯೇ? ಅವಳು ಮಗುವಿನ ಸುದ್ದಿಯನ್ನೇ ಎತ್ತಲಿಲ್ಲ.

ಯುನೂಸನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಹುಳ ಹೊಕ್ಕಿತ್ತು.

"ಇಡೀ ಬಜಾರ ತಿರುಗಿದೆ. ಸೀಟಿನ ಅಂಗಡಿ ಒಂದೂ ಇಲ್ಲ. ಖುಷಿಯಾತು. ಆಮ್ಯಾಲ ಸ್ಟ್ಯಾಂಡಿಗಿ ಹೋಗಿ ಟೆಂಪೋ ನೋಡ್ತೇನಿ, ಸೀಟೆಲ್ಲಾ ಟಣ್ ಅನ್ನಂಗ ಬಿಗಿ ಅದಾವ. ಒಂದ ಕೈಯಿನ ಕೆಲಸ. ಜೋಡಿ ಹೊಲಿಗಿ, ಮೂಲ್ಯಾಗ ಒಂದು ಸಣ್ಣ ಎಲಿ. ಅಂಗಡಿ ಇಲ್ಲದ ಊರಾಗ ಇವನ್ನ ಹೊಲಿದವ್ರು ಯಾರು?"

"ಯಾರು?" ಎಂದಳು ಶಮ್ಶುನ್ನೀಸಾ. ಬೇಡವೆಂದರೂ ಅವಳಿಗೂ ಕುತೂಹಲ ಹುಟ್ಟಿತ್ತು.

"ಡ್ರೈವರ್ ಹೇಳಿದ ಅವ್ವಾ! ಬಾಗೇವಾಡಿ ಬಾಳಮ್ಮ ಅಂತ" ಎಂದು ಕೌಸರ ಅಪ್ಪನಿಗಿಂತ ಮುಂಚೆ ಹೇಳಿಬಿಟ್ಟಳು.

"ಹಂಗಾರ ಇಲ್ಲೂ ನಿಮಗ ಕೆಲಸ ಸಿಗೂದು ಕಷ್ಟ."

"ಅದೇನರ ಇರ್ಲಿ. ಹ್ಯಾಂಗೂ ಬಾಗೇವಾಡಿ ಮ್ಯಾಲ ಹೋಗ್ತೇವಿ. ಆ ಎಲಿ ಆಕಿ ಹೆಂಗ ಹೊಲಿತಾಳ ನೋಡದ ನಂಗ ನಿದ್ದಿ ಬರೂದಿಲ್ಲ."

ಬಾಗೇವಾಡಿಯಲ್ಲಿ ಬಾಳಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲ ಮುಂದೆ ಸೀಟು ಕಳಚಿದ ಟೆಂಪೋ ಒಂದು ನಿಂತಿತ್ತು. ಪಡಸಾಲೆಯಲ್ಲಿ ಕಂಬಕ್ಕೆ ಒರಗಿಸಿದ ರೆಕ್ಸಿನ್ ಸುರುಳಿಗಳು, ದೊಡ್ಡ ಮಶೀನು, ಅದರ ಹಿಂದೆ ಸೆರಗು ಸೊಂಟಕ್ಕೆ ಸಿಗಿಸಿದ ಐವತ್ತು ದಾಟಿದ ಹೆಂಗಸು. ತಲೆ ಎತ್ತದೆಯೇ ಕೇಳಿದಳು: "ಯಾವ ಗಾಡಿ?"

"ಗಾಡಿ ಅಲ್ರಿ" ಎಂದ ಯುನೂಸ. "ಎಲಿ ನೋಡಾಕ ಬಂದೇವಿ."

ಬಾಳಮ್ಮ ಮಶೀನು ನಿಲ್ಲಿಸಿ ನಕ್ಕಳು. ಅವನು ಇದೇ ಕೆಲಸದವನೆಂದು ತಿಳಿದ ಮೇಲೆ ಎದ್ದು ನೆಟ್ಟಗೆ ಓಮ್ನಿಯ ಬಳಿ ಹೋದಳು. ಅದರ ಸೀಟು ಯುನೂಸನೇ ಹೊಲಿದದ್ದು. ಅವಳು ಬಗ್ಗಿ ಅಂಚು ಮಗುಚಿ ನೋಡಿದಳು, ಅಂಗೈಯಿಂದ ಒತ್ತಿದಳು.

"ತುಂಬಿದ್ದು ಚಲೋ ಐತಿ. ಮೂಲ್ಯಾಗ ಅವಸರ ಮಾಡೀರಿ."

"ಹೌದ್ರಿ" ಎಂದ ಯುನೂಸ. ಅದು ಅವನಿಗೂ ಗೊತ್ತಿತ್ತು.

ಕೌಸರಳಿಗೆ ಬೇಕಿದ್ದದ್ದು ಬೇರೆ. "ಎಲಿ ಯಾಕ ಹಾಕ್ತೀ ಅಜ್ಜಿ?"

"ಒಮ್ಮಿ ಕತ್ರಿ ತಪ್ಪಿ ಮೂಲ್ಯಾಗ ತೂತ ಬಿತ್ತವ್ವಾ. ಮುಚ್ಚಾಕ ಒಂದು ಎಲಿ ಹೊಲಿದೆ. ಅದನ್ನ ನೋಡಿ ಮುಂದಿನವ ಬಂದು ನಂಗೂ ಎಲಿ ಬೇಕಂದ. ಅವತ್ತಿಂದ ತೂತ ಇಲ್ಲದಿದ್ರೂ ಎಲಿ ಹಾಕೋದಾಗೇತಿ."

ಎಲ್ಲರೂ ನಕ್ಕರು. ಬಾಳಮ್ಮ ಎಲೆ ಹೊಲಿದು ತೋರಿಸಿದಳು. ಬಟ್ಟೆಯನ್ನು ತಿರುಗಿಸದೆ, ಎಡಗೈಯಿಂದ ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತ. ಯುನೂಸ ಮಶೀನಿನ ಮೇಲೆ ಬಗ್ಗಿ ನೋಡಿದ. ಆಮೇಲೆ ಹೆಂಡತಿಯ ವರ್ಗಾವಣೆಯ ಸಂಗತಿ ತಿಳಿಸಿ, ಧೈರ್ಯ ಮಾಡಿ ಕೇಳಿದ:

"ನಾ ಮುದ್ದೇಬಿಹಾಳದಾಗ ಅಂಗಡಿ ಹಾಕಿದ್ರ ನಿಮಗ ಸಿಟ್ಟು ಬರತದೇನ್ರಿ?"

ಬಾಳಮ್ಮ ದಾರ ಕಚ್ಚಿ ಹರಿದಳು. "ಸೀಟಿನ ಕೆಲಸ ಕಡಿಮಿ ಆದ್ರ ಬರತದ. ಯಾಕ ಬರೂದಿಲ್ಲ?" ಎಂದು ಅವನ ಮುಖವನ್ನೇ ನೋಡಿದಳು. "ಆದ್ರ ಟ್ರ್ಯಾಕ್ಟರ್ ಹುಡ್ ನನ್ನ ಕೈಲೆ ಆಗವಲ್ದು. ಭುಜ ಹಿಡಿತದ. ಬಂದವ್ರನ್ನ ತಿರುಗಿಸಿ ಕಳಸಾಕತ್ತೇನಿ. ಅದನ್ನ ನೀ ಹಿಡಿ. ನನ್ನ ಹಂತೇಕ ಬಂದವ್ರನ್ನೂ ನಿನ್ನ ಕಡೆ ಕಳಸ್ತೇನಿ." ಆಮೇಲೆ ಪಡಸಾಲೆಯ ಮೆಟ್ಟಿಲ ಮೇಲೆ ಕೂತಿದ್ದ ಶಮ್ಶುನ್ನೀಸಾಳತ್ತ ತಿರುಗಿದಳು. "ನೌಕರಿ ನಿಂದಲ್ಲೇನವ್ವಾ? ನಿಂಗ ಯಾವ ಊರು ಬೇಕು?"

ಯುನೂಸ ಹೆಂಡತಿಯ ಕಡೆ ನೋಡಿದ. ಬೆಳಿಗ್ಗೆಯಿಂದ ಇಷ್ಟು ಊರು ತಿರುಗಿದ್ದರೂ ತಾನು ಈ ಒಂದು ಮಾತು ಕೇಳಿಲ್ಲವೆಂಬುದು ಅವನಿಗೆ ಆಗ ತಿಳಿಯಿತು.

"ಮುದ್ದೇಬಿಹಾಳ" ಎಂದಳು ಶಮ್ಶುನ್ನೀಸಾ. ಗುರುತಿಲ್ಲದವರ ಪಡಸಾಲೆಯಲ್ಲಿ ಮಾತು ಸಲೀಸಾಗಿ ಬಂತು. ಅಳದ ಮಗು, ವಿದ್ಯಾವತಿಯ ಕೈ, ಎದೆ ಏಳುವುದನ್ನು ನೋಡಿಕೊಂಡು ಒತ್ತಬೇಕೆಂದದ್ದು, ಎಲ್ಲವನ್ನೂ ಹೇಳಿದಳು. "ಇಷ್ಟು ವರ್ಷ ಓಡಿ ಹೋಗಿ ಕರ್ಯೂದ ನನ್ನ ಕೆಲಸ ಆಗಿತ್ತು. ನಂಗ ನಿಂತು ಮಾಡೂದು ಕಲೀಬೇಕಾಗೇತಿ."

"ಇದನ್ನ ಗಾಡ್ಯಾಗ ಯಾಕ ಹೇಳಲಿಲ್ಲ ನೀ?" ಎಂದ ಯುನೂಸ.

"ನೀವು ಎಲಿ ಎಲಿ ಅನ್ನಾಕತ್ತಿದ್ರಿ."

ಯುನೂಸನ ಮುಖ ಕೆಂಪಾಯಿತು. ಬಾಳಮ್ಮ ಅವನನ್ನು ಕಾಪಾಡಲೆಂಬಂತೆ ಚಹಾಕ್ಕೆ ಎದ್ದಳು.

ಆ ಸಂಜೆ ಇಂಡಿಯಲ್ಲಿ ಮುಮ್ತಾಜ ಎರಡು ಪಾತ್ರೆಯಲ್ಲಿ ಬೇಳೆ ಇಟ್ಟಳು. ಸಿಂದಗಿಯ ನೀರಿನಲ್ಲಿ ಅದು ಬೆಣ್ಣೆಯಾಯಿತು. ಮುದ್ದೇಬಿಹಾಳದ ನೀರಿನಲ್ಲಿ ಕಾಳು ಕಾಳಾಗಿ ನಿಂತು ಸೌಟಿಗೆ ಟಕಟಕ ಬಡಿಯಿತು. ತೀರ್ಪು ಹೇಳಲು ಬಾಯಿ ತೆರೆದವಳಿಗೆ ಸೊಸೆ ನಡೆದದ್ದನ್ನೆಲ್ಲ ಹೇಳಿದಳು. ಮುಮ್ತಾಜ ಮಡಿಲಲ್ಲಿ ಮಲಗಿದ್ದ ಕೂಸಿನ ತಲೆ ಸವರಿದಳು.

"ಆ ದವಾಖಾನಿ ಕೂಸು ಈಗ ಹಾಲು ಕುಡಿಯಾಕತ್ತೇತೇನು?" ಎಂದು ಕೇಳಿದಳು.

"ನಾ ಬರೂ ಮುಂದ ಕುಡದಿತ್ತು."

"ಹಂಗಾರ ಬ್ಯಾಳಿ ಮುಂಜಾನೆ ನೆನಿ ಹಾಕಿದ್ರಾತು ಬಿಡು."

ಸೋಮವಾರ ಹೆಸರು ಕರೆದಾಗ ಶಮ್ಶುನ್ನೀಸಾ ಎದ್ದು ಮುದ್ದೇಬಿಹಾಳ ಎಂದಳು. ಬಾಯಿಂದ ಮಾತು ಹೊರಬಿದ್ದ ಕೂಡಲೇ ಸಿಂದಗಿಯ ಬೇವಿನ ಗಿಡದ ಆ ಮನೆ ನೆನಪಾಯಿತು. ಆದರೆ ಮಾತು ತಿರುಗಿಸಲಿಲ್ಲ.

ಬೇಸಿಗೆ ರಜೆಯಲ್ಲಿ ಅವರು ಊರು ಬದಲಿಸಿದರು. ಎಲ್ಲವೂ ಸುಸೂತ್ರವಾಗಲಿಲ್ಲ. ಸಿಕ್ಕ ಮನೆ ಸಣ್ಣದು. ಮಶೀನು ಇಡಲು ಮಂಚವನ್ನು ಗೋಡೆಗೆ ನಿಲ್ಲಿಸಬೇಕಾಯಿತು. ಮೊದಮೊದಲು ಹುಡ್ ಹೊಲಿಸಲು ಬಂದವರು ವಿರಳ, ಬಂದವರೂ ಬಾಳಮ್ಮ ಕಳಿಸಿದವರು. ಆಸ್ಪತ್ರೆಯಲ್ಲಿ ಮೊದಲ ಸಲ ಗಾಳಿಚೀಲ ಕೈಗೆ ಬಂದಾಗ ಶಮ್ಶುನ್ನೀಸಾ ಅದನ್ನು ಅರ್ಧಕ್ಕೇ ಒತ್ತಿ ಬಿಟ್ಟಳು. ವಿದ್ಯಾವತಿ ಅವಳ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಒತ್ತಿದಳು.

ಒಂದು ಸಂಜೆ ಅವರೆಲ್ಲ ಗಾಳಿಗೆಂದು ಮಾಳಿಗೆ ಹತ್ತಿದ್ದರು. ಇಂಡಿ ಯಾವ ಕಡೆ ಬರುತ್ತದೆ ಎಂದು ಕೌಸರ ಕೇಳಿದಳು. ಮುಮ್ತಾಜ ಒಂದು ಕಡೆ ತೋರಿಸಿದಳು, ಯುನೂಸ ಇನ್ನೊಂದು ಕಡೆ. ಪಕ್ಕದ ಮಾಳಿಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ ತುಂಬುತ್ತಿದ್ದ ನೆರೆಮನೆಯ ಅಮೋಘಸಿದ್ಧ ನಕ್ಕು, ಇಬ್ಬರೂ ತೋರಿಸದ ಕಡೆಗೆ ಕೈ ಮಾಡಿದ. ಕೌಸರ ಆ ದಿಕ್ಕನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು. ಅಲ್ಲಿ ಏನೂ ಕಾಣಲಿಲ್ಲ. ಅವಳು ಪೂರ್ತಿ ತಿರುಗಿ ನಿಂತು ಎದುರು ದಿಕ್ಕಿಗೆ ಬೆರಳು ಮಾಡಿದಳು.

"ಹಂಗಾರ ಈ ಕಡೆ ಏನೈತ್ರಿ ಕಾಕಾ?"

"ಆ ಕಡೆ ಹೊಳಿ ಐತಿ. ದೊಡ್ಡ ನೀರು. ಆಚಿ ದಂಡಿ ಕಾಣೂದಿಲ್ಲ."

ಕೌಸರ ಅವ್ವನ ಸೆರಗು ಜಗ್ಗಿದಳು. "ನಾಳೆ ಹೋಗೂಣೇನು?"

"ನಾಳೆ ನಂದು ಡ್ಯೂಟಿ ಐತಿ" ಎಂದಳು ಶಮ್ಶುನ್ನೀಸಾ. "ರವಿವಾರ ಹೋಗೂಣು. ನಾನೂ ನೋಡಿಲ್ಲ."