ಕದಡಿದ ನೀರಿಗಾಗಿ

ನಮ್ಮ ಕಬ್ಬಿನ ಗದ್ದೆಯ ಬಸಿಗಾಲುವೆಯಲ್ಲಿ ನೀರು ಗಾಜಿನಂತಿತ್ತು. ಬಂದವರೆಲ್ಲ ಹೊಗಳುತ್ತಿದ್ದರು, ತೋಡಿಸಿದ ಅಪ್ಪನಿಗೂ ಅದೇ ಹೆಮ್ಮೆ. ತೀರಾ ಆಳಕ್ಕೆ ತೋಡಿದ್ದರಿಂದ ಅಡಿಯ ಕಪ್ಪು ಕೆಸರಿಗೆ ಗಾಳಿ ತಾಗಿ ನೀರು ಹುಳಿಯಾಗಿತ್ತು, ಅದಕ್ಕೇ ಅಷ್ಟು ತಿಳಿ ಎಂಬುದು ನಮಗೆ ಗೊತ್ತಾದದ್ದು ತಡವಾಗಿ. ದೊಡ್ಡ ಮಳೆ ಬಂದಾಗಲೆಲ್ಲ ಆ ನೀರು ಕ್ಲಾರೆನ್ಸ್ ನದಿಗಿಳಿದು, ಮೀನುಗಳು ಮೈತುಂಬ ಕೆಂಪು ಹುಣ್ಣಾಗಿ ತೇಲುತ್ತಿದ್ದವು.

ಅಣ್ಣ ತೀರಿದ ಮೇಲೆ ಅತ್ತಿಗೆ ಓರ್ಸೊಲಾ ಗದ್ದೆ ನೋಡಿಕೊಂಡಳು. ಮಳೆನೀರು ಮೇಲಿಂದಲೇ ಹರಿದುಹೋಗುವಂತೆ ನೆಲ ಮಟ್ಟಸ ಮಾಡಿಸಿ, ಕಾಲುವೆಯನ್ನು ಅರ್ಧ ಹೂಳಿಸಿದಳು. ಕಾಲುವೆ ನದಿ ಸೇರುವಲ್ಲಿದ್ದ ತೂಬಿನ ಬಾಗಿಲಿಗೆ ಕಿಟಕಿ ಕೊರೆಸಿ, ಉಬ್ಬರದಲ್ಲಿ ನದಿಗೇರುವ ಸಮುದ್ರದ ಉಪ್ಪುನೀರು ಒಳಬರಲಿ, ಹುಳಿ ಮುರಿಯಲಿ ಎಂದಳು. ನೀರು ಗೊತ್ತುಮಾಡಿದ ಗುರುತಿಗೇರಿದರೆ ತೇಲುಗುಂಡು ತಾನೇ ಎದ್ದು ಕಿಟಕಿ ಮುಚ್ಚಬೇಕು.

ತನ್ನ ಗದ್ದೆಯ ನೀರನ್ನೂ ಅದೇ ಕಾಲುವೆಗೆ ಬಸಿಯುವ ನೆರೆಯ ಮೆರ್ವ್ ಕಿಡಿಕಿಡಿಯಾದ. "ಉಪ್ಪನ್ನ ಹೊರಗಿಡೋಕೆ ನಮ್ ತಾತಂದಿರು ಬಾಗಿಲು ಕಟ್ಟಿದ್ರು. ನೀನು ಕರ್ದು ಕೂರಿಸ್ತೀಯಾ? ಟೀನೂ ಕೊಡ್ತೀಯೇನು?"

"ನಿನ್ ಕಬ್ಬಿಗೆ ಉಪ್ಪು ತಾಗಿದ್ರೆ ಕಿಟಕೀನ ನಾನೇ ಬೆಸುಗೆ ಹಾಕಿಸ್ತೀನಿ ಮೆರ್ವ್. ಮತ್ತೆ ಬಾಯಿ ಬಿಡಲ್ಲ," ಎಂದಳು ಅತ್ತಿಗೆ.

ಜನವರಿಯ ದೊಡ್ಡ ಉಬ್ಬರದ ಬೆಳಿಗ್ಗೆ ಮೂವರೂ ದಂಡೆಯ ಮೇಲೆ ನಿಂತೆವು. ನೀರು ಕಿಟಕಿಯಿಂದ ನುಗ್ಗಿತು, ಏರಿತು. ಗುಂಡು ಅಲುಗಲಿಲ್ಲ. ಮೆರ್ವ್ ನನ್ನ ಮುಖ ನೋಡಿದ. ನಾನು ಅತ್ತಿಗೆಯ ಮುಖ ನೋಡಿದೆ. ಅವಳು ಫ್ಲಾಸ್ಕಿನ ಮುಚ್ಚಳ ಬಿಗಿಮಾಡುತ್ತಿದ್ದಳು, ಆಗಲೇ ಬಿಗಿಯಾಗಿದ್ದರೂ. ಆಮೇಲೆ ಗುಂಡು ಮೆಲ್ಲನೆ ಎದ್ದು, ಕಿಟಕಿ ದಡಕ್ಕನೆ ಮುಚ್ಚಿತು.

ಮೆರ್ವ್ ತನ್ನ ಕಬ್ಬಿನಂಚಿಗೆ ಓಡಿದ. ಅಲ್ಲಿಯ ನೀರಿಗೆ ಬೆರಳದ್ದಿ ನಾಲಿಗೆಗಿಟ್ಟ. "ಸಿಹಿ," ಎಂದ, ಬೇಸರವಾದವನಂತೆ. ಮತ್ತೆ ನಮ್ಮ ತಗ್ಗಿನ ಮೂಲೆಯತ್ತ ಕಣ್ಣು ಹಾಯಿಸಿದ. ಉಪ್ಪುನೀರು ಅಲ್ಲೇ ನಿಂತಿತ್ತು. ಅಲ್ಲಿ ಕಬ್ಬಿರಲಿಲ್ಲ, ಬರೀ ಜೊಂಡು.

"ಇಲ್ಲಿದ್ದ ಕಬ್ಬು?"

"ಹೋದ ಕಟಾವಲ್ಲೇ ಕಿತ್ತು ಹಾಕಿದೆ," ಎಂದಳು ಅತ್ತಿಗೆ. "ಉಪ್ಪು ಎಲ್ಲಾದ್ರೂ ಮೊದ್ಲು ನಿಲ್ಬೇಕಲ್ಲ. ನಿನ್ ಕಡೆ ನಿಂತ್ರೆ ನೀನು ಬೈತಿದ್ದೆ."

ನನಗೂ ಹೇಳಿರಲಿಲ್ಲ ಅವಳು.

ಕಾಲುವೆಯ ನೀರು ಈಗ ಚಹಾದಂತೆ ಕದಡಿತ್ತು. ಅದರೊಳಗೆ ಏನೋ ಮಿಂಚಿ ಹೊರಳಿತು: ಬೆರಳುದ್ದದ ಮೀನುಮರಿಗಳು, ಹಿಂಡು ಹಿಂಡಾಗಿ. ಅಪ್ಪನ ಕಾಲದಿಂದ ನಾನಲ್ಲಿ ಮೀನು ಕಂಡಿರಲಿಲ್ಲ.

"ಎಂಥ ಗಲೀಜು ನೀರು," ಎಂದ ಮೆರ್ವ್, ಟೋಪಿ ತೆಗೆದು. ಮೀನುಮರಿಗಳತ್ತ ಬಾಗಿ, "ನನ್ ಮೇಲ್ಗಡೆ ಕಾಲುವೇನೂ ಹೀಗೇ ಹೂಳಿಸ್ಬೇಕು. ಆ ನೆಲ ಮಟ್ಟ ಮಾಡೋನ ನಂಬರ್ ಕೊಡು," ಎಂದ.

"ಮೊದ್ಲು ಟೀ ಕುಡಿ," ಎಂದಳು ಅತ್ತಿಗೆ. ಫ್ಲಾಸ್ಕ್ ತೆರೆಯಲು ಅವಳ ಕೈಲಾಗಲಿಲ್ಲ, ಮೆರ್ವ್ ತೆರೆದುಕೊಟ್ಟ.