ಸೀಸ ಹೀರಿದ ದಿಂಬು

ಅಪ್ಪ ಹಳೆ ಬ್ಯಾಟರಿ ಒಡೆಯುವ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ದುಡಿದವರು. ಸೀಸ ಮೂಳೆಗಿಳಿದು ಕೈ ನಡುಗುತ್ತಿತ್ತು. ಲೋಟ ತುಟಿ ಮುಟ್ಟುವಷ್ಟರಲ್ಲಿ ಅರ್ಧ ಚಹಾ ಅಂಗಿಯ ಪಾಲು. ಅಂಗಿಗೂ ಬಾಯಾರಿಕೆ ಅಂತ ನಗುತ್ತಿದ್ದರು.

ಅದೇ ಶೆಡ್ಡಿನ ಕೊಳೆನೀರನ್ನು ಬೂಷ್ಟಿನಿಂದ ಶುದ್ಧ ಮಾಡುವುದು ನನ್ನ ಕೆಲಸ. ತೆಳು ಬಟ್ಟೆಯ ಚೀಲದಲ್ಲಿ ಬೂಷ್ಟು ತುಂಬಿ ತೊಟ್ಟಿಗೆ ಇಳಿಬಿಟ್ಟರೆ, ನೀರಿನಲ್ಲಿದ್ದ ಸೀಸವನ್ನೆಲ್ಲ ಅದು ಮೈಗೆ ಎಳೆದುಕೊಳ್ಳುತ್ತದೆ. ಬಳಸಿದ ಚೀಲವನ್ನು ಒಣಗಿಸಿ, ತೂಗಿ, ಸಿಮೆಂಟಿನಲ್ಲಿ ಹೂಳಬೇಕು. ಮನೆಗೆ ತರುವಂತಿಲ್ಲ.

ಚೀಲ ಹೊಲಿಯುತ್ತಿದ್ದವಳು ಅಮ್ಮ. ಅಳತೆಗಿರಲಿ ಎಂದು ನಾನೇ ಒಮ್ಮೆ ಹಳೆಯದೊಂದನ್ನು ಖಾಲಿ ಮಾಡಿ ತಂದುಕೊಟ್ಟೆ. ಗಟ್ಟಿಮುಟ್ಟಾಗಿದೆಯಲ್ಲ ಎಂದು ಅಮ್ಮ ಅದನ್ನು ಒಗೆದು, ಹತ್ತಿ ತುಂಬಿ, ಅಪ್ಪನ ತಲೆಯಡಿ ಇಟ್ಟಳು.

ಹದಿನೈದು ದಿನಕ್ಕೆ ಅಪ್ಪ ಸೂಜಿಗೆ ದಾರ ಪೋಣಿಸಿ ಅಮ್ಮನ ಕೈಗಿತ್ತರು. ದಿಂಬಿನ ಮೇಲೆ, ತಲೆಯ ಅಚ್ಚಿನಷ್ಟೇ ಜಾಗದಲ್ಲಿ, ಬೂಷ್ಟಿನ ಬಿಳಿ ನೂಲು ಹಬ್ಬಿತ್ತು. ದಿಂಬು ಆ ಹಳೆ ಚೀಲದ್ದೇ ಎಂದು ತಿಳಿದು ಎಸೆಯೋಣ ಎಂದೆ. ಡಾಕ್ಟರಿಂದ ಆಗದ್ದು ಇದರಿಂದ ಆಗಿದೆ, ಕೈಗೆ ಬಂದ ತುತ್ತು ಕಿತ್ತುಕೊಳ್ಳಬೇಡ ಎಂದಳು ಅಮ್ಮ. ದಿನಾ ತೂಗುತ್ತೇನೆಂದು ಹೇಳಿ ನಾನೂ ಸುಮ್ಮನಾದೆ.

ದಿಂಬಿನ ತೂಕ ದಿನಕ್ಕೊಂದು ಸಾಸಿವೆಕಾಳಿನಷ್ಟು ಏರಿತು. ಅಪ್ಪನ ರಕ್ತದಲ್ಲಿ ಸೀಸ ಇಳಿಯಿತು. ಕೊನೆಗೊಂದು ಸೋಮವಾರ ವರದಿ ಬಂತು: ಸೀಸ ಇಲ್ಲ. ಅಮ್ಮ ಅದನ್ನು ಓಣಿಗೆಲ್ಲ ತೋರಿಸಿ ಬಂದಳು.

ಮರುದಿನ ತೂಗಿದೆ. ಮತ್ತೆ ಏರಿತ್ತು, ಹಿಂದೆಂದಿಗಿಂತ ಹೆಚ್ಚು.

ಬೂಷ್ಟಿಗೆ ಸೀಸವೇ ಆಗಬೇಕೆಂದಿಲ್ಲ. ಅದು ಮುಗಿದರೆ ಕಬ್ಬಿಣ, ಸತು, ಮೂಳೆಯ ಸುಣ್ಣ, ಯಾವುದಾದರೂ ನಡೆಯುತ್ತದೆ. ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವಳು ನಾನು.

ಅಪ್ಪನ ಕೋಣೆಗೆ ಹೋದೆ. ತುಟಿ ಬಿಳಿಚಿ ದಿಂಬಿನ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಎದೆಯ ಮೇಲಿದ್ದ ಕೈ ಅಲ್ಲಾಡುತ್ತಲೇ ಇರಲಿಲ್ಲ. ತಲೆ ಎತ್ತಿ ದಿಂಬು ಎಳೆದೆ. ಕೂದಲ ಬುಡದಿಂದ ನೂಲುಗಳು ಒಂದೊಂದಾಗಿ, ಒಲ್ಲದ ಮನಸ್ಸಿನಿಂದ ಎಂಬಂತೆ, ಬಿಟ್ಟುಕೊಂಡವು.

"ಎಲ್ಲಿಗೆ ಒಯ್ತಿದ್ದೀಯ?"

"ಹೂಳೋಕೆ, ಅಪ್ಪ."

ಅವರು ನನ್ನ ಕೈಲಿದ್ದ ದಿಂಬಿನತ್ತ ಕತ್ತು ಹೊರಳಿಸಿದರು.

"ತೂಗಿ ನೋಡು ಮಗಳೇ. ಈ ಮೈ, ಆ ದಿಂಬು, ಎರಡರಲ್ಲಿ ನಾನು ಯಾವುದರಲ್ಲಿ ಹೆಚ್ಚಿದ್ದೀನಿ ಅಂತ."

ಹಿತ್ತಲಲ್ಲಿ ಕಲಸಿಟ್ಟ ಸಿಮೆಂಟು ಗಟ್ಟಿಯಾಗುತ್ತಿದೆ. ಒಳಗೆ ಅಮ್ಮ ಅಪ್ಪನನ್ನು ಕೂಗುತ್ತಿದ್ದಾಳೆ, ಉತ್ತರ ಕೇಳಿಸುತ್ತಿಲ್ಲ. ದಿಂಬು ನನ್ನ ಮಡಿಲಲ್ಲೇ ಇದೆ. ಬೆಚ್ಚಗಿದೆ.